ಮಂಕಿ ದಾಟಿದ ಬಸ್ಸು

ಇದು ಶುರುವಾದದ್ದು ಪುಷ್ಯ ಮಾಸದಲ್ಲಿ, ಗದ್ದೆ ಕೊಯ್ದು ಹುಲ್ಲು ಒಟ್ಟಿಯಾದ ಮೇಲೆ, ಅಘನಾಶಿನಿಯ ನೀರು ಇಳಿಯುವ ಮಧ್ಯಾಹ್ನದ ಹೊತ್ತಿಗೆ. ಅರವತ್ತೊಂದನೇ ಇಸವಿ ಇರಬೇಕು.

ಮಿರ್ಜಾನದ ದಡದಲ್ಲಿ ಲಕ್ಕಿ ಗಂಜಿಯ ಪಾತ್ರೆ ಹಿಡಿದು ನಿಂತಿದ್ದಳು. ಗದ್ದೆ ಕೆಲಸ ಇಲ್ಲದ ದಿನಗಳಲ್ಲಿ ಅವಳ ಗಂಡ ಹೊನ್ನ ಜನರನ್ನು ಹೊಳೆ ದಾಟಿಸುವ ತಾರಿಯ ದೋಣಿ ನಡೆಸುತ್ತಿದ್ದ. ಆ ಹೊತ್ತಿಗೆ ಆಚೆ ದಡದಿಂದ ದೋಣಿ ಬಂತು. ಅದರಲ್ಲಿ ಒಬ್ಬಳೇ ಹೆಂಗಸು. ಮಡಿಲಲ್ಲಿ ಕಬ್ಬಿಣದ ಪೆಟ್ಟಿಗೆ.

ಲಕ್ಕಿ ಗುರುತು ಹಿಡಿದಳು. ಹೊನ್ನನ ತಂಗಿ ಮಂಜಿ!

"ಒಬ್ಳೇ ಬಂದ್ಯನೇ ಮಂಜಿ? ಎಂತಾ ಆತು?"

ಮಂಜಿ ಅವಳನ್ನು ನೆಟ್ಟಗೆ ನೋಡಿದಳು. ಅತ್ತು ಅತ್ತು ಕಣ್ಣು ಬಾತಿದ್ದವು.

"ನನ್ನ ಹತ್ರ ಎಂತಕೆ ಕೇಳ್ತೆ? ನಿನ್ನ ಅಣ್ಣನ ಹತ್ರ ಕೇಳು."

ಲಕ್ಕಿ ಗಂಡನ ಮುಖ ನೋಡಿದಳು. ಹೊನ್ನ ತಲೆ ತಗ್ಗಿಸಿ ದೋಣಿ ಕಟ್ಟುತ್ತಿದ್ದ.

ಅವರದು ಸಾಟಿ ಮದುವೆ. ಮಂಕಿಯ ಲಕ್ಕಿ ಮಿರ್ಜಾನಕ್ಕೆ ಸೊಸೆಯಾಗಿ ಬಂದಳು, ಮಿರ್ಜಾನದ ಮಂಜಿ ಲಕ್ಕಿಯ ಅಣ್ಣ ಬೀರನ ಹೆಂಡತಿಯಾಗಿ ಮಂಕಿಗೆ ಹೋದಳು. ಒಂದೇ ಚಪ್ಪರ, ಒಂದೇ ದಿನ, ಎರಡು ಧಾರೆ. ಅಂಥ ಮದುವೆಯಲ್ಲಿ ಒಂದು ಮನೆಯ ಹೆಣ್ಣು ತಿರುಗಿ ಬಂದರೆ ಇನ್ನೊಂದು ಮನೆಯ ಹೆಣ್ಣೂ ತಿರುಗಿ ಹೋಗಬೇಕು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಲಕ್ಕಿಗೂ.

ಆದದ್ದು ಸಣ್ಣ ವಿಷಯ. ಮನೆಗೆ ನೆಂಟರು ಬಂದ ದಿನ ಮೀನಿನ ಸಾರಿಗೆ ಉಪ್ಪು ಹೆಚ್ಚಾಯಿತು. "ಅಡುಗೆ ಬರದಿದ್ರೆ ನಿನ್ನ ಅಣ್ಣನ ಮನೆಗೆ ನಡಿ" ಎಂದು ಬೀರ ಎಲ್ಲರೆದುರಿಗೆ ಅಂದ. ಮಂಜಿ ನಡೆದೇಬಿಟ್ಟಳು.

ಅವಳಾಗಿಯೇ ಹೋದಳು, ಅವಳಾಗಿಯೇ ಬರಲಿ ಎಂದರು ಮಂಕಿಯವರು. ಹೋಗು ಅಂದವನೇ ಬಂದು ಕರೆಯಲಿ ಎಂದರು ಇವರು.

ಮಾಘ ಬಂತು. ಬೀರ ಬರಲಿಲ್ಲ.

ಒಂದು ಸಂಜೆ ಜಗಲಿಯಲ್ಲಿ ಕುಳಿತು ಹೊನ್ನನ ದೊಡ್ಡಪ್ಪ ತಿಮ್ಮಪ್ಪ ಹೇಳಿಯೇಬಿಟ್ಟ. "ಹುಣ್ಣಿಮೆವರೆಗೆ ನೋಡುವ. ಕರೆಯೂಕೆ ಬರದೇ ಇದ್ರೆ ಅವರ ಹೆಣ್ಣು ಅವರಿಗೆ. ಎಂತ ಹೇಳ್ತೆ ಹೊನ್ನ?"

ಒಳಗೆ ಅಕ್ಕಿ ಕೇರುತ್ತಿದ್ದ ಲಕ್ಕಿಯ ಕೈ ನಿಂತುಹೋಯಿತು.

'ಇಲ್ಲ ಅನ್ನಿ... ಒಂದು ಮಾತು, ಇಲ್ಲ ಅನ್ನಿ!'

ಹೊನ್ನ ಎದ್ದು ಹೊಳೆಯ ಕಡೆಗೆ ಹೋದ.

ಎರಡು ದಿನ ಕಳೆದು ಅವನೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ನಾಳೆ ಬೆಳಿಗ್ಗೆ ಹೊರಡುದು. ಎರಡು ಸೀರೆ ಕಟ್ಕ. ಸ್ವಲ್ಪ ಅವಲಕ್ಕಿನೂ ಇಟ್ಕ."

"ಎಲ್ಲಿಗೆ?"

"ಹೀಗೇ... ತೆಂಕ ದಿಕ್ಕಿಗೆ. ಧಾರೇಶ್ವರ, ಹೊನ್ನಾವರ, ಭಟ್ಕಳ. ಎಲ್ಲಾ ನೋಡ್ಕಂಡು ಬರುವ."

"ನೋಡೂಕೆ ಅಲ್ಲಿ ಎಂತ ಅದೆ?"

"ಹಳೇ ಗುಡಿ ಅವೆ. ಕಲ್ಲಿನ ಕೆಲಸ ಅದೆ." ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಅವ್ವ ಒಳಗೆ ಬಂದಳು. ಹೊರಟುಹೋದ.

ಲಕ್ಕಿ ಒಲೆಯ ಮುಂದೆ ಕುಸಿದು ಕುಳಿತಳು. ಮನೆ ಬಿಟ್ಟು ಹೊರಡುವುದೆಂದರೆ ಮದುವೆಗೆ, ಸಾವಿಗೆ, ದೇವರ ಹರಕೆಗೆ, ಇಲ್ಲವೇ ಡಾಕ್ಟರ ಹತ್ತಿರ. ಸುಮ್ಮನೆ ನೋಡಲು ಹೋದವರನ್ನು ಅವಳು ಕಂಡಿರಲಿಲ್ಲ. ಅದೂ ಗಂಡ ಹೆಂಡತಿ ಇಬ್ಬರೇ! ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವೆ ಇರುವುದು ಯಾವ ಊರು? ಮಂಕಿ.

'ಬಿಟ್ಟುಬರೂಕೆ ಕರ್ಕಂಡು ಹೋಗ್ತಾರೆ. ಬಾಯಿಬಿಟ್ಟು ಹೇಳೂಕೆ ನಾಚಿಕೆ, ಅದಕ್ಕೆ ಗುಡಿ, ಕಲ್ಲು ಅಂತಾರೆ...'

ಬೆಳಿಗ್ಗೆ ಮೊದಲು ಹೋದದ್ದು ಮನೆಯ ಹತ್ತಿರದ ಮಿರ್ಜಾನ ಕೋಟೆಗೇ. ಸೊಸೆಯಾಗಿ ಬಂದ ಮೇಲೆ ಲಕ್ಕಿ ಅದನ್ನು ಹೊರಗಿನಿಂದ ನೋಡಿದ್ದಳೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. ಕಾಡುಬಳ್ಳಿ ಗೋಡೆಗಳನ್ನು ನುಂಗಿತ್ತು.

"ಇಲ್ಲಿ ಒಬ್ಳು ರಾಣಿ ಇದ್ಲಂತೆ. ಕಾಳುಮೆಣಸಿನ ರಾಣಿ ಅಂತಿದ್ರಂತೆ" ಎಂದ ಹೊನ್ನ.

"ಅವಳ ಗಂಡ?"

"ಅದು ಗೊತ್ತಿಲ್ಲ."

'ಬಿಟ್ಟಿರಬೇಕು' ಅಂದುಕೊಂಡಳು ಲಕ್ಕಿ.

ಧಾರೇಶ್ವರದಲ್ಲಿ ದೇವಸ್ಥಾನದ ಪೌಳಿಯಲ್ಲೇ ಮಲಗಲು ಜಾಗ ಸಿಕ್ಕಿತು. ಎಲ್ಲಿ ಕಡಿಮೆ ಖರ್ಚಿನಲ್ಲಿ ತಂಗಬಹುದೆಂದು ಹೊನ್ನ ದೋಣಿ ಹತ್ತಿದವರನ್ನೆಲ್ಲ ಕೇಳಿ ಇಟ್ಟುಕೊಂಡಿದ್ದ. ದೇವರ ದರ್ಶನ ಮುಗಿಸಿ ಹೊರಗೆ ಬಂದಾಗ ಅಲ್ಲಿ ಬಳೆಗಾರ ಕುಳಿತಿದ್ದ. ಹೊನ್ನ ಅವಳಿಗೆ ಹಸಿರು ಬಳೆ ತೊಡಿಸಿದ.

"ಚಂದ ಕಾಣ್ತದೆ" ಎಂದ, ಬೇರೆ ಕಡೆ ನೋಡುತ್ತಾ.

ಹೆಣ್ಣನ್ನು ತವರಿಗೆ ಕಳಿಸುವಾಗ ಬರಿಗೈಯಲ್ಲಿ ಕಳಿಸಬಾರದು, ಬಳೆ ತೊಡಿಸಿ ಕಳಿಸಬೇಕು. ಲಕ್ಕಿ ಬಳೆಗಳನ್ನು ನೋಡಿದಳು. ಕಣ್ಣು ತುಂಬಿ ಬಂತು.

"ಎಂತ ಆತೇ?"

"ಸಮುದ್ರದ ಗಾಳಿ..."

ಹೊನ್ನಾವರದ ಖಾನಾವಳಿಯಲ್ಲಿ ಊಟ ಮಾಡಿದವರಿಗೆ ಅಟ್ಟದ ಮೇಲೆ ಚಾಪೆ ಪುಕ್ಕಟೆ. ಮರುದಿನ ಬೆಳಿಗ್ಗೆ ಲಕ್ಕಿ ಗಂಜಿಗೆ ಕೈ ಹಾಕಿದ್ದಳಷ್ಟೆ. ಹೊನ್ನ ಖಾನಾವಳಿಯವನನ್ನು ಕೇಳುವುದು ಕಿವಿಗೆ ಬಿತ್ತು.

"ಆಚೆ ದಡದಿಂದ ಹೊರಡೂ ಬಸ್ಸು ಮಂಕಿಗೆ ಮುಟ್ಟುದು ಎಷ್ಟೊತ್ತಿಗೆ?"

"ಊಟದ ಹೊತ್ತಿಗೆ ಮುಟ್ತದೆ ಮಾರಾಯ."

"ಆಗ ಸ್ಟಾಪಿನಲ್ಲಿ ಜನ ಇರ್ತಾರಾ?"

"ಆ ಬಿಸಿಲಿಗೆ ಯಾರಿರ್ತಾರೆ? ನಾಯಿನೂ ಇರುದಿಲ್ಲ."

ಲಕ್ಕಿ ಎತ್ತಿದ ತುತ್ತನ್ನು ಬಟ್ಟಲಿಗೇ ಹಾಕಿದಳು. ಯಾರೂ ನೋಡದ ಹೊತ್ತಿನಲ್ಲಿ ಇಳಿಸಿ ಬರುವ ಯೋಚನೆ! ಅಷ್ಟು ಮರ್ಯಾದೆಯಾದರೂ ಉಳಿಸುತ್ತಿದ್ದಾರಲ್ಲ... ಅಳಬಾರದು ಎಂದು ಅವಳು ಆಗಲೇ ಗಟ್ಟಿ ಮನಸ್ಸು ಮಾಡಿದಳು. ಅವರ ಮುಂದೆ ಅಳುವುದಿಲ್ಲ.

ಶರಾವತಿಯನ್ನು ದೋಣಿಯಲ್ಲಿ ದಾಟುವಾಗ ಹೊಳೆ ಅಗಲವಾಗಿ, ಬೆಳ್ಳಗೆ ಹೊಳೆಯುತ್ತಿತ್ತು. ಬೇರೆಯವನು ನಡೆಸುವ ದೋಣಿಯಲ್ಲಿ ಕುಳಿತ ಹೊನ್ನ ಚಡಪಡಿಸುತ್ತಿದ್ದ. "ಹುಟ್ಟು ಹಾಕುದು ಹೀಗಲ್ಲ" ಎಂದು ಪಿಸುಗುಟ್ಟಿದ. ಬೇರೆ ದಿನವಾಗಿದ್ದರೆ ಲಕ್ಕಿ ನಗುತ್ತಿದ್ದಳು.

ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೆಂಗಿನ ತೋಟಗಳು ಒಂದೊಂದಾಗಿ ಗುರುತಿಗೆ ಬರತೊಡಗಿದವು. ಕೆರೆಯ ತಿರುವು... ಅವಳು ಆಡಿದ ಗದ್ದೆಯ ಅಂಚು...

"ಮಂಕಿ! ಮಂಕಿ ಇಳಿಯೋರು!" ಕಂಡಕ್ಟರ್ ಕೂಗಿದ.

ಬಸ್ಸು ನಿಂತಿತು. ಹೊನ್ನ ದಡಕ್ಕನೆ ಎದ್ದು ನಿಂತ. ಅವನ ಕೈ ತಲೆಯ ಮೇಲಿನ ಗಂಟಿನ ಕಡೆಗೆ ಹೋಯಿತು.

ಲಕ್ಕಿ ಕಣ್ಣು ಮುಚ್ಚಿದಳು. 'ಆತು. ಇಲ್ಲಿಗೆ ಆತು.'

"ರೈಟ್!"

ಬಸ್ಸು ಹೊರಟಿತು! ಲಕ್ಕಿ ಕಣ್ಣು ತೆರೆದಾಗ ಹೊನ್ನ ಇನ್ನೂ ಕಿಟಕಿಗೆ ಅಡ್ಡವಾಗಿ ನಿಂತಿದ್ದ. ಹಣೆಯಲ್ಲಿ ಬೆವರು.

"ನೀವು... ಇಳಿಲಿಲ್ಲ?"

"ಎಂತಕೆ ಇಳಿಯುದು? ಟಿಕೆಟು ಭಟ್ಕಳಕ್ಕೆ ತೆಗದದ್ದು."

ತಡೆದಿಟ್ಟ ಅಳು ಒಮ್ಮೆಲೇ ಕಿತ್ತುಕೊಂಡು ಬಂತು. ಪಕ್ಕದ ಮುದುಕಿ ಗಾಬರಿಯಾಗಿ ಸೆರಗಿನಿಂದ ಲಿಂಬೆಹಣ್ಣು ಬಿಚ್ಚಿದಳು. "ಬಸ್ಸು ಆಗುದಿಲ್ಲ ಕಾಣ್ತದೆ ಮಗಳಿಗೆ. ತಕ, ಇದನ್ನ ಮೂಸು."

ಭಟ್ಕಳದಲ್ಲಿ ಮಂಗಲಾಬಾಯಿ ಎಂಬ ಕೊಂಕಣಿ ಮುದುಕಿ ಕಡಿಮೆ ಬಾಡಿಗೆಗೆ ಕೋಣೆ ಕೊಡುತ್ತಿದ್ದಳು. ಅವಳು ಬಾಗಿಲಲ್ಲೇ ತಡೆದಳು.

"ಗಂಡ ಹೆಂಡ್ತಿ ಹೌದೋ? ಹುಡುಗಿ ಇಷ್ಟು ಅತ್ತಿದ್ದಾಳೆ. ಓಡಿಸ್ಕೊಂಡು ಬಂದದ್ದಲ್ಲವಷ್ಟೇ ಮಗಾ?"

ಹೊನ್ನ ಕೆಂಪಾದ. "ಅಯ್ಯೋ, ನನ್ನ ಹೆಂಡ್ತಿಯೇ!"

"ಹೌದೇನೆ?"

ಲಕ್ಕಿ ಗಂಡನನ್ನು ನೋಡಿದಳು. "ಹೌದು" ಎಂದಳು. ತಿಂಗಳಿಂದ ಅನುಮಾನವಾಗಿದ್ದ ಮಾತು ಅದು.

ಬಿಸಿಲು ಇಳಿದ ಮೇಲೆ ಇಬ್ಬರೂ ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನಕ್ಕೆ ಹೋದರು. ಕಲ್ಲಿನ ಗೋಡೆಯ ತುಂಬ ಚಿಕ್ಕ ಚಿಕ್ಕ ಗೊಂಬೆಗಳು, ರಾಮಾಯಣದ ಕಥೆ. ಹೊನ್ನ ಒಂದು ಸವೆದ ಚಿತ್ರದ ಮುಂದೆ ನಿಂತುಬಿಟ್ಟ.

"ನೋಡು, ದೋಣಿ!"

"ಪಲ್ಲಕ್ಕಿ ಅದು."

"ದೋಣಿ. ನನಗೆ ಗೊತ್ತಿಲ್ವಾ?"

"ದೋಣಿಯವರಿಗೆ ಎಲ್ಲಾ ದೋಣಿನೇ!" ಅಂದವಳು ನಕ್ಕಳು. ನಗು ನಿಲ್ಲಿಸಿ ಅವನನ್ನು ನೋಡಿದಳು. "ನಾನು... ನೀವು ನನ್ನ ಮಂಕೀಲಿ ಬಿಟ್ಟುಬರೂಕೆ ಕರ್ಕಂಡು ಬಂದದ್ದು ಅಂದ್ಕಂಡಿದ್ದೆ."

ಹೊನ್ನ ತಿರುಗಿದ. ಅವನ ಮುಖ ಬಿಳಿಚಿತ್ತು.

"ಬಿಟ್ಟುಬರೂಕಾ? ಹೊರಟಲ್ಲಿಂದಲೂ ಅದೇ ಅಂದ್ಕಂಡಿದ್ಯಾ?"

"ಬಳೆ ತೊಡಿಸಿದ್ರಿ... ಬಸ್ಸು ಮಂಕಿಗೆ ಮುಟ್ಟುದು ಯಾವಾಗ ಅಂತ ಕೇಳಿದ್ರಿ... ಅಲ್ಲಿ ಎದ್ದೂ ನಿಂತ್ರಿ!"

"ಬೀರ ನಿಂತಿದ್ದ, ಅಲ್ಲಿ!" ಎಂದ ಹೊನ್ನ. "ಊಟದ ಹೊತ್ತಿಗೆ ನಿಮ್ಮವರು ಯಾರೂ ಇರುದಿಲ್ಲ ಅಂತ ಆ ಬಸ್ಸನ್ನೇ ಹಿಡಿದೆ. ನೋಡಿದ್ರೆ ಅವ ತೆಂಗಿನಕಾಯಿ ರಾಶಿ ಹತ್ರ ನಿಂತಿದ್ದಾನೆ. ನಿನ್ನ ಕಂಡು ಕೈ ಹಿಡಿದು ಇಳಿಸ್ಕಂಡ್ರೆ? ಅದಕ್ಕೆ ಅಡ್ಡ ನಿಂತೆ."

ಲಕ್ಕಿ ಕೈಯ ಹಸಿರು ಬಳೆಗಳನ್ನು ನೋಡಿಕೊಂಡಳು. ಹೊನ್ನನೇ ಮುಂದುವರಿಸಿದ.

"ಕೋಟೆ ನೋಡೂಕೆ ಧಾರವಾಡದ ಮಾಸ್ತರರು ಹೆಂಡ್ತಿ ಕರ್ಕಂಡು ಬಂದಿದ್ರು. ದೋಣಿ ತುಂಬ ಅವರದೇ ಮಾತು, ನಗು. ನಾವು ಹಗಲು ಬೆಳಕಲ್ಲಿ ಒಂದು ದಿನ ಕೂತು ಮಾತಾಡಿದ್ದಿಲ್ಲ ಅನಿಸ್ತು. ಹುಣ್ಣಿಮೆ ಬೇರೆ ಹತ್ರ ಬಂತು... ದೊಡ್ಡಪ್ಪನಿಗೆ ಎದುರು ಹೇಳೂಕೆ ನನ್ನ ನಾಲಗೆ ಏಳುದಿಲ್ಲ ಲಕ್ಕಿ. ಕಾಲು ಏಳ್ತದೆ. ಅದಕ್ಕೆ ಹೊರಟೆ."

"ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ಹೌದು... ಹೇಳಬೇಕಾಗಿತ್ತು."

ಅವಳು ಆ ಸವೆದ ಕಲ್ಲಿನ ಮೇಲೆ ಬೆರಳಾಡಿಸಿದಳು. ಮಿರ್ಜಾನದ ಮನೆಯ ಮೂಲೆಯಲ್ಲಿ ಮುಖ ತಿರುಗಿಸಿ ಕುಳಿತ ಮಂಜಿ ನೆನಪಾದಳು. ಅವಳ ಕಣ್ಣೂ ಹೀಗೇ ಒದ್ದೆಯಲ್ಲವೇ?

"ತಿರುಗಿ ಹೋಗುವಾಗ ಮಂಕೀಲಿ ಇಳಿವ" ಎಂದಳು.

"ಬೇಡ! ಅವರು ನಿನ್ನ ಇಟ್ಕಂಡ್ರೆ?"

"ನಾನೇನು ತೆಂಗಿನಕಾಯಿಯಾ, ಇಟ್ಕಂಬೂಕೆ?"

ಮರುದಿನ "ಮಂಕಿ!" ಎಂದು ಕಂಡಕ್ಟರ್ ಕೂಗಿದಾಗ ಮೊದಲು ಎದ್ದವಳು ಲಕ್ಕಿ. ಗಂಟನ್ನೂ ತಾನೇ ಎತ್ತಿಕೊಂಡಳು.

ಬೀರ ಅಂಗಳದಲ್ಲಿದ್ದ. ತಂಗಿಯನ್ನೂ ಭಾವನನ್ನೂ ಕಂಡು ಗಾಬರಿಯಾದ. "ಬಾ... ಕೂತ್ಕ. ನೀರು ಕುಡಿ."

ಲಕ್ಕಿ ಕೂರಲಿಲ್ಲ. "ಈ ಮನೆ ನೀರು ನಿನ್ನ ಹೆಂಡ್ತಿ ಕೊಟ್ರೆ ಕುಡಿತೆ. ಇಲ್ಲದಿದ್ರೆ ಇಲ್ಲ."

"ಅವಳಾಗೇ ಹೋದದ್ದು..."

"ನೀನು ಹೋಗು ಅಂದದ್ದಕ್ಕೆ! ಅವಳ ಉಪ್ಪು ಒಂದು ದಿನ ಹೆಚ್ಚಾತು ಅಣ್ಣ. ನಿನ್ನ ಮಾತಿಗೆ ಮೂರು ಜನ ತಿಂಗಳಿಂದ ಅಳ್ತಿದ್ದೇವೆ."

ಬೀರ ಬೆನ್ನು ತಿರುಗಿಸಿ ಒಳಗೆ ಹೋದ. ಇವರಿಬ್ಬರೂ ಬಾಯಾರಿದ ಬಾಯಲ್ಲೇ ಬಸ್ಸು ಹತ್ತಿದರು.

ಮಿರ್ಜಾನದಲ್ಲಿ ಅತ್ತೆ ಬಾಗಿಲಿಗೆ ಬಂದು ಸೊಸೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳೂ ಮಗ ಬಿಟ್ಟುಬರಲಿಕ್ಕೇ ಹೋದನೆಂದುಕೊಂಡಿದ್ದಳು. ದೊಡ್ಡಪ್ಪ ಕೇಳಿದ. "ಎಂತ ಹೊನ್ನ, ತಿರುಗಿ ಕರ್ಕಂಡು ಬಂದ್ಯಾ?"

ಹೊನ್ನನ ನಾಲಗೆ ಕೊನೆಗೂ ಎದ್ದಿತು. "ನನ್ನ ಹೆಂಡ್ತಿ ಎಲ್ಲಿಗೂ ಹೋಗುದಿಲ್ಲ. ಹೋಗುದಾದ್ರೆ ನನ್ನನ್ನೂ ಕಳಿಸಿ."

ದೊಡ್ಡಪ್ಪ ಎದ್ದು ಹೊರಗೆ ನಡೆದ. ಅಂದಿನಿಂದ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟಳು, ಮಂಜಿ ಊಟ ಬಿಟ್ಟಳು. ಹುಣ್ಣಿಮೆ ಹತ್ತಿರ ಬಂದ ಹಾಗೆ ಲಕ್ಕಿ ದಿನಾ ದಡಕ್ಕೆ ಬಂದು ಆಚೆ ನೋಡುತ್ತಿದ್ದಳು.

ಶುಕ್ರವಾರ ಆಚೆ ದಡದಲ್ಲಿ ಒಬ್ಬ ಕೈ ಎತ್ತಿ ದೋಣಿ ಕರೆದ. ಬೀರ! ಹೊನ್ನನೇ ಅವನನ್ನು ಕರೆತಂದ.

ಮಂಜಿ ಬಾಗಿಲು ದಾಟಲಿಲ್ಲ. ಅಲ್ಲಿಂದಲೇ ಕೇಳಿದಳು. "ಮತ್ತೆ ಹೋಗು ಅಂದ್ರೆ?"

"ಅನ್ನುದಿಲ್ಲ."

"ಅಂದ್ರೆ?"

"ಅಂದ್ರೆ... ನಾನೇ ಮನೆ ಬಿಟ್ಟು ಹೋಗ್ತೆ ಮಾರಾಯ್ತಿ!"

ಮಂಜಿಗೆ ನಗು ಬಂತು, ಅಳುವೂ ಬಂತು. ಪೆಟ್ಟಿಗೆ ತಂದಳು. ದಡದಲ್ಲಿ ಲಕ್ಕಿಯ ಕೈ ಹಿಡಿದು, "ಅತ್ತಿಗೆ, ಮುಂದಿನ ಸಲ ಬಂದಾಗ ನೀರು ಕುಡಿಯೂಕೆ ಬಾ" ಎಂದಳು.

ಹೊನ್ನ ಅವರನ್ನು ದಾಟಿಸಿ ಖಾಲಿ ದೋಣಿಯಲ್ಲಿ ಹಿಂದೆ ಬಂದ. ಲಕ್ಕಿ ಗಂಜಿಯ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು.

"ಬರೂ ವರ್ಷ ಇನ್ನೆಲ್ಲಿಗಾದ್ರೂ ಹೋಗುವನಾ?" ಎಂದು ಕೇಳಿದ.

"ಹೋಗುವ. ಆದ್ರೆ ಎಂತಕೆ ಅಂತ ಮೊದಲೇ ಹೇಳ್ಬೇಕು."

"ನಿನ್ನ ಹತ್ರ ಮಾತಾಡೂಕೆ."

"ಹಂಗಾದ್ರೆ ಅಷ್ಟು ದೂರ ಎಂತಕೆ?" ಲಕ್ಕಿ ದೋಣಿ ಹತ್ತಿ ಕುಳಿತಳು. "ಮಾತಾಡಿ."

ಮಾಘ ಹುಣ್ಣಿಮೆಯ ಹಿಂದಿನ ಶುಕ್ರವಾರ ಆ ಮನೆಯಿಂದ ಹೊರಟುಹೋದವಳು ಮಂಜಿ, ಗಂಡನ ಜೊತೆಗೆ.