ಸಕ್ಕರೆ ಹಾಕದ ಪುದೀನ ನೀರು

ಮಿಕ್ಸಿ ಜಾರನ್ನು ಮೂರನೇ ಸಲ ತಂದಿಟ್ಟ ಟೈಲರಮ್ಮ ನಾಚಿಕೆಯಿಂದ ತಲೆ ಎತ್ತಲಿಲ್ಲ. ರಿಪೇರಿಯವನು ಮುರಿದ ಬ್ಲೇಡನ್ನು ಬೆಳಕಿಗೆ ಹಿಡಿದು, ಅದರ ಮರೆಯಿಂದ ಅವಳ ರೆಪ್ಪೆಗಳನ್ನು ನೋಡಿದ.

"ಮನೇಲಿ ಕಲ್ಲು ರುಬ್ತೀರಾ?"

ಕಲ್ಲಲ್ಲ, ಫ್ರೀಜರಿನಲ್ಲಿ ಗಟ್ಟಿಯಾದ ಪುದೀನ ನೀರು ಎಂದಳು. ಅಪ್ಪನ ಹಲ್ಲೆಲ್ಲ ಕೀಳಿಸಿದ್ದರು. ಉರಿಯುವ ಒಸಡಿಗೆ ಮರಳು ಮರಳಾದ ತಣ್ಣನೆಯದೇ ಬೇಕೆಂದು ಅವರ ಹಟ. ಶುಗರ್ ಇದ್ದುದರಿಂದ ಸಕ್ಕರೆ ಹಾಕುವಂತಿಲ್ಲ. ಎರಡು ದಿನದಿಂದ ಗಂಜಿಯನ್ನೂ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ ಎನ್ನುವಾಗ ಅವಳ ದನಿ ಒಡೆಯಿತು.

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು.

ಬ್ಲೇಡು ಮುರಿಯುವ ಕಾರಣ ಅವನಿಗೆ ಗೊತ್ತಿತ್ತು. ಸಕ್ಕರೆ ಕರಗಿದ ನೀರು ಅಷ್ಟು ಸುಲಭಕ್ಕೆ ಗಟ್ಟಿಯಾಗುವುದಿಲ್ಲ. ಮಂಜುಗಡ್ಡೆಯ ಹರಳುಗಳ ನಡುವೆ ಒಂದಿಷ್ಟು ಪಾಕ ಉಳಿದು, ಅವನ್ನು ಒಂದಕ್ಕೊಂದು ಅಂಟಲು ಬಿಡುವುದಿಲ್ಲ. ಸಕ್ಕರೆಯಿಲ್ಲದ ನೀರು ಬಂಡೆಯಾಗುತ್ತದೆ. ಅದನ್ನು ರುಬ್ಬಬಾರದು, ಅಗಲ ತಟ್ಟೆಯಲ್ಲಿ ಫ್ರೀಜರಿಗಿಟ್ಟು, ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಕೆರೆಯಬೇಕು. ಇಷ್ಟನ್ನೂ ಹೇಳಿದ.

"ಇದು ಯಾವಾಗಿಂದ ಗೊತ್ತು ನಿಮಗೆ?"

ಅವನು ಬ್ಲೇಡನ್ನು ಕೆಳಗಿಟ್ಟ. "ಮೊದಲನೇ ದಿನದಿಂದ. ಜಾರಿನ ತಳದಲ್ಲಿ ಪುದೀನ ಇತ್ತು, ಸಕ್ಕರೆಯ ಅಂಟು ಇರಲಿಲ್ಲ."

ಹೇಳಿಬಿಟ್ಟರೆ ಜಾರು ಮುರಿಯುವುದಿಲ್ಲ, ಜಾರು ಮುರಿಯದಿದ್ದರೆ ಅವಳು ಬರುವುದಿಲ್ಲ ಎಂದು ಸುಮ್ಮನಿದ್ದನಂತೆ. ಅವಳು ಮುರಿದ ಜಾರನ್ನೇ ಎತ್ತಿಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆಯೇ ಅವನು ಅಗಲದ ತಟ್ಟೆ, ಫೋರ್ಕು ಹಿಡಿದು ಅವಳ ಮನೆ ಬಾಗಿಲಲ್ಲಿ ನಿಂತಿದ್ದ. ಕಿಟಕಿಯಲ್ಲಿ ಕಂಡ ಅಪ್ಪನಿಗೆ ನೆಲ ನೋಡುತ್ತಲೇ ಎಲ್ಲವನ್ನೂ ಒಪ್ಪಿಕೊಂಡ. ಬೊಚ್ಚು ಬಾಯಿ ಮುಚ್ಚಿಕೊಂಡು ಅಪ್ಪ ನಕ್ಕರು.

"ಬಾಗಿಲು ತೆಗಿಯೇ ಮಗಳೇ. ಫೋರ್ಕ್ ಹಿಡ್ಕೊಂಡು ತಪ್ಪೊಪ್ಪಿಕೊಳ್ಳೋಕೆ ಬಂದೋನನ್ನ ನಾನೆಲ್ಲೂ ನೋಡಿಲ್ಲ."

ತೆಗೆದಳು. ಫ್ರಿಜ್ಜಿನತ್ತ ಕೈ ತೋರಿಸಿ, ಹೋಗಿ ಹೊಲಿಗೆ ಯಂತ್ರದ ಮುಂದೆ ಕುಳಿತಳು.

ಮೊದಲ ಅರ್ಧ ಗಂಟೆಗೆ ಅಡುಗೆಮನೆಯಿಂದ ಸಣ್ಣಗೆ ಕರಕರ ಸದ್ದು ಬಂತು. ಎರಡನೆಯದಕ್ಕೆ ಅವಳ ಯಂತ್ರ ನಿಂತಿತು. ಮೂರನೆಯದಕ್ಕೆ ಅವಳೇ ಎದ್ದು ಬಂದು, ಜಾರುತ್ತಿದ್ದ ತಟ್ಟೆಯನ್ನು ಹಿಡಿದುಕೊಂಡಳು. ತಟ್ಟೆಯ ಅಂಚಿನಲ್ಲಿ ಬೆರಳಿಗೆ ಬೆರಳು ತಗುಲಿತು. ಇಬ್ಬರ ಬೆರಳೂ ಮರಗಟ್ಟಿದ್ದವು, ಆದರೂ ಇಬ್ಬರಿಗೂ ತಿಳಿಯಿತು.

"ಅಂಚಿಂದ ಕೆರೀಬೇಕಾ?" ಎಂದಳು, ತಟ್ಟೆಯನ್ನೇ ನೋಡುತ್ತ.

"ಹೂಂ. ಮೊದಲು ಗಟ್ಟಿಯಾಗೋದು ಅಲ್ಲೇ."

ಮಧ್ಯಾಹ್ನದ ಹೊತ್ತಿಗೆ ತಟ್ಟೆಯ ತುಂಬ ಹಸಿರು ಹುಡಿ. ಅಪ್ಪ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಕಣ್ಣು ತೆರೆಯದೆಯೇ ಇನ್ನೊಂದಕ್ಕೆ ಬಾಯಿ ತೆರೆದರು. ಅವಳ ಕಣ್ಣು ತುಂಬಿ ಬಂತು.

ಅವನು ಚಪ್ಪಲಿ ಮೆಟ್ಟಿಕೊಂಡ. "ಇನ್ನು ನಿಮ್ಮ ಮಿಕ್ಸಿ ಕೆಡಲ್ಲ."

"ಕೆಡಬೇಕಾಗಿಲ್ಲ." ಅವಳು ಬಾಗಿಲಿಗೆ ಒರಗಿದಳು. "ಅಪ್ಪನಿಗೆ ಹೊಸ ಹಲ್ಲು ಕಟ್ಟೋಕೆ ಎರಡು ತಿಂಗಳಿದೆ. ದಿನಾ ಕೂತು ಕೆರೆಯೋಕೆ ನನಗೆ ಪುರುಸೊತ್ತಿಲ್ಲ."

"ಹಲ್ಲು ಕಟ್ಟಿದ ಮೇಲೆ?" ಒಳಗಿಂದ ಅಪ್ಪ ಕೇಳಿದರು.

ಅವಳು ಅವನನ್ನು ನೇರವಾಗಿ ನೋಡಿದಳು.

"ಆಗಲೂ ಪುರುಸೊತ್ತಿರಲ್ಲ, ಅಪ್ಪಾ."