ಹತ್ತು ಲಕ್ಷದ ಮೂರು

"ಇದು ತಪ್ಪು ಮೇಷ್ಟ್ರೇ. ನೂರ ಒಂದರಿಂದ ಭಾಗವಾಗುತ್ತೆ."

ಎದುರು ನಿಂತವನಿಗೆ ಅವಳು ಆಡಿದ ಮೊದಲ ಮಾತು ಅದು.

ಅವಳು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವಳು. ಅವನು ಗಣಿತದ ಮೇಷ್ಟ್ರು. ಅವನ ಪುಸ್ತಕ ಅವಳ ಮೇಜಿಗೆ ಬಂದು ನಾಲ್ಕು ತಿಂಗಳಾಗಿತ್ತು. ಅಲ್ಲಿಯವರೆಗೂ ಇಬ್ಬರೂ ಪುಟದ ಅಂಚಿನಲ್ಲೇ ಮಾತಾಡಿದ್ದರು. ಅವಳು ಪೆನ್ಸಿಲಿನಲ್ಲಿ ಅನುಮಾನ ಬರೆದರೆ, ಅವನು ಕೆಳಗೆ ಉತ್ತರ ಬರೆದು ಕಳಿಸುತ್ತಿದ್ದ.

ಒಮ್ಮೆ ಬರೆದಿದ್ದ: 'ಈ ಪುಟದಲ್ಲಿ ನಿಮ್ಮ ಅಕ್ಷರ ದಣಿದಂತಿದೆ. ಉಳಿದದ್ದು ನಾಳೆ ನೋಡಿ.'

ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ, ಇಲ್ಲಿ ಮುಗಿಯದ ಪುಟಗಳು... ನಲವತ್ತರ ಹೊಸ್ತಿಲಲ್ಲಿದ್ದ ಅವಳ ದಣಿವನ್ನು ಬೇರೆ ಯಾರೂ ಗಮನಿಸಿರಲಿಲ್ಲ.

ಅಂಥವನು ಮೊದಲ ಸಲ ಎದುರು ಬಂದಾಗ, ಏನು ಮಾತಾಡಬೇಕೆಂದು ತೋಚದೆ, ಕೈಯಲ್ಲಿದ್ದ ಪುಟದ ತಪ್ಪನ್ನೇ ಹೇಳಿಬಿಟ್ಟಿದ್ದಳು. ಅದೂ ಮಾಲೀಕರ ಮುಂದೆ.

ಹತ್ತು ಲಕ್ಷ ದಾಟಿದ ಮೇಲಿನ ಮೊದಲ ಅವಿಭಾಜ್ಯ ಸಂಖ್ಯೆ 10,00,001 ಎಂದು ಅವನು ಬರೆದಿದ್ದ. ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ್ದು. ಆದರೆ 101ನ್ನು 9,901ರಿಂದ ಗುಣಿಸಿದರೆ ಅದೇ ಬರುತ್ತಿತ್ತು.

ಅವನ ಮುಖ ಬಾಡಿತು. ಹಾಳೆಗಳ ಇಡೀ ಕಟ್ಟನ್ನೇ ಎತ್ತಿಕೊಂಡು ಹೊರಟುಹೋದ.

"ಬರೆದಿಟ್ಟಿದ್ರೆ ಸಾಕಿತ್ತಲ್ಲಮ್ಮ, ಬಾಯಿಬಿಟ್ಟು ಹೇಳ್ಬೇಕಿತ್ತಾ?" ಎಂದರು ಮಾಲೀಕರು.

ಮೂರು ವಾರ ಅವನ ಸುಳಿವಿರಲಿಲ್ಲ. ಕೈಯಲ್ಲಿ ಪೆನ್ಸಿಲು ಇತ್ತಲ್ಲ... ಒಂದು ಗೆರೆ ಎಳೆದಿದ್ದರೆ ಆಗುತ್ತಿತ್ತಲ್ಲ...

"ಆ ದಿಂಬು ನಿನಗೇನು ಮಾಡ್ತು? ಹಾಗೆ ಬಡೀತಿದ್ದೀಯ," ಎಂದಳು ಮನೆಯಲ್ಲಿ ಅಮ್ಮ.

"ದಿಂಬಿನ ಮೇಲಲ್ಲ ಕಣಮ್ಮ, ನನ್ನ ಮೇಲೇ ಕೋಪ."

ನಾಲ್ಕನೇ ವಾರ, ಮಧ್ಯಾಹ್ನ, ಅವನು ಬಂದ. ಕೈಯಲ್ಲೊಂದು ದಪ್ಪ ನೋಟ್‌ಬುಕ್ಕು.

"ನಿಮಗೆ ಕೋಪ ಬಂತು ಅಂದ್ಕೊಂಡಿದ್ದೆ," ಎಂದಳು.

"ಕೋಪ ಅಲ್ಲ, ನಾಚಿಕೆ. ನಮ್ಮ ಮೇಷ್ಟ್ರು ಹೇಳಿದ್ದನ್ನ ಹದಿನೆಂಟು ವರ್ಷ ಮಕ್ಕಳಿಗೆ ಹೇಳ್ಕೊಟ್ಟೆ. ಒಂದ್ಸಲಾನೂ ಭಾಗಿಸಿ ನೋಡಿರಲಿಲ್ಲ. ಸರಿಯಾದದ್ದು ಹತ್ತು ಲಕ್ಷದ ಮೂರು. ಈ ಸಲ ಕೈಯಾರೆ ಮಾಡಿದೀನಿ."

ಅದು ಅವಿಭಾಜ್ಯವೆಂದು ಖಚಿತವಾಗಲು ಸಾವಿರದೊಳಗಿನ ನೂರ ಅರವತ್ತೆಂಟು ಅವಿಭಾಜ್ಯಗಳಿಂದಲೂ ಅದನ್ನು ಭಾಗಿಸಿ ನೋಡಬೇಕಿತ್ತು. ಒಂದೊಂದಕ್ಕೂ ಒಂದೊಂದು ಶೇಷ ಬರೆದಿದ್ದ. ಕೊನೆಯ 997ರ ಮುಂದೆ ಮಾತ್ರ ಖಾಲಿ.

"ಅದು ನಿಮಗೆ ಅಂತ ಬಿಟ್ಟೆ."

ಅವಳು ಅಭ್ಯಾಸದಂತೆ ಮೊದಲಿನಿಂದ ಓದಿದಳು. ಪೆನ್ಸಿಲು ನಿಂತಿತು.

"ಮೂವತ್ತೇಳಕ್ಕೆ ಶೇಷ ಆರು ಅಂತಿದೆ. ನಾಲ್ಕಾಗ್ಬೇಕು." ಮತ್ತೆ ಬಾಯಿಬಿಟ್ಟೆನಲ್ಲ ಎಂದು ತುಟಿ ಕಚ್ಚಿದಳು. "ಇದನ್ನೂ ಬೇಕಂತಲೇ ಬಿಟ್ರಾ?"

"ಇಲ್ಲ, ಅದು ನಿಜವಾದ ತಪ್ಪೇ." ಅವನು ನಕ್ಕ. "ನಾನು ತಪ್ಪೋದಂತೂ ಇದ್ದಿದ್ದೇ. ಪಕ್ಕದಲ್ಲಿ ಕೂತು ಹೀಗೇ ಹೇಳ್ತಾ ಇರ್ತೀರಾ... ಕೊನೇವರೆಗೂ?"

ಅವಳು ನೋಟ್‌ಬುಕ್ಕಿನಿಂದ ತಲೆ ಎತ್ತಿದಳು.

"ನನ್ನ ಜೊತೆ ಅಮ್ಮನೂ ಇದಾರೆ."

"ಗೊತ್ತು. ಅರವತ್ತನೇ ಪುಟದ ಅಂಚಲ್ಲಿ ಬರೆದಿದ್ರಿ. 'ಅಮ್ಮನಿಗೆ ಜ್ವರ, ತಡವಾಯಿತು.'"

ಅವಳು ತಲೆ ತಗ್ಗಿಸಿ ಕೊನೆಯ ಲೆಕ್ಕ ಮಾಡಿದಳು. ಶೇಷ ಹನ್ನೆರಡು. ಇಷ್ಟು ವರ್ಷ ಎಲ್ಲರ ತಪ್ಪು ನೋಡಿದ ಆ ಮೇಜಿನಲ್ಲಿ ಅವಳ ತಪ್ಪು ನೋಡುವವರು ಇರಲಿಲ್ಲ.

"ನನ್ನದನ್ನ ಯಾರು ನೋಡ್ತಾರೆ?"

"ನಾನು."

ಅವಳು ಬೆಂಚಿನ ತುದಿಗೆ ಸರಿದು, ಪೆನ್ಸಿಲನ್ನು ಅವನ ಕಡೆ ಚಾಚಿದಳು.

"ಕೂತ್ಕೊಳ್ಳಿ ಹಾಗಾದ್ರೆ."