ಹೆಸ್ಟರಜ್ಜಿಯ ಹಿತ್ತಲು

“ಚಿತ್ರದಲ್ಲಿ ಮನೆ ಎಲ್ಲಿದೆ ತೋರ್ಸು ನೋಡೋಣ! ಇಲ್ಲದ್ದನ್ನ ಯಾಕೆ ಬರ್ದೆ?” ಪಕ್ಕದ ಡೆಸ್ಕಿನ ವೇಡ್ ಕೇಳಿದ.

“ನಮ್ಮನೆ ಅಲ್ಲೇ ಇತ್ತು ಕಣೋ. ನಮ್ಮ ಮುತ್ತಜ್ಜಿಯ ಅಜ್ಜಿ ಹೆಸ್ಟರ್ ಇದ್ದ ಮನೆ,” ಎಂದಳು ಲವಿನಿಯಾ.

ಬೋರ್ಡಿಗೆ ಅಂಟಿಸಿದ್ದು ಅವರದೇ ಊರಿನ ಹಳೆಯ ಚಿತ್ರ. ಹಿಂದೆ ಗುಲಾಮಗಿರಿಯ ವಿಷಯಕ್ಕೆ ಉತ್ತರದ ರಾಜ್ಯಗಳವರಿಗೂ ದಕ್ಷಿಣದ ರಾಜ್ಯಗಳವರಿಗೂ ಇಲ್ಲಿ ಯುದ್ಧ ನಡೆದ ವಾರವೇ ಒಬ್ಬ ಕಲಾವಿದ ಗುಡ್ಡದ ಮೇಲೆ ಕೂತು ಬಿಡಿಸಿದ್ದು. ಮುರಿದ ಬೇಲಿ, ತುಳಿದು ನೆಲಸಮವಾದ ಗೋಧಿ ಹೊಲ, ಸೇಬಿನ ತೋಟ. ಐದನೇ ಕ್ಲಾಸಿನವರೆಲ್ಲ ಅದನ್ನು ನೋಡಿ ಬಿಡಿಸುತ್ತಿದ್ದರು. ಲವಿನಿಯಾ ಮಾತ್ರ ತೋಟದ ಪಕ್ಕ ಒಂದು ಮರದ ಮನೆ ಸೇರಿಸಿದ್ದಳು. ಚಿತ್ರದಲ್ಲಿ ಅಲ್ಲಿ ಸಾಲಾಗಿ ಕಂಡ ಪುಟ್ಟ ದಿಬ್ಬಗಳನ್ನು ತರಕಾರಿ ಪಾತಿ ಎಂದುಕೊಂಡು ಅವುಗಳ ಮೇಲೆ ಎಲೆಕೋಸು ಬಿಡಿಸಿದ್ದಳು.

ಹಾರ್ಲನ್ ಮಿಸ್ ಬಗ್ಗಿ ನೋಡಿದರು. “ಆತ ಕಣ್ಣಾರೆ ಕಂಡಿದ್ದನ್ನ ಬಿಡಿಸಿದ್ದಾನೆ ಮರಿ. ನಾವು ಏನೂ ಸೇರಿಸೋ ಹಾಗಿಲ್ಲ.”

“ಹಾಗಾದ್ರೆ ಅವನು ಸುಳ್ಳ, ಮಿಸ್!”

ಕ್ಲಾಸು ಗೊಳ್ಳೆಂದಿತು. ಲವಿನಿಯಾಳ ಕಿವಿ ಬಿಸಿಯಾಯಿತು.

ಸಂಜೆ ಅವಳು ಎಲ್ಲವನ್ನೂ ತಾತನಿಗೆ ಒಂದೇ ಉಸಿರಿಗೆ ಹೇಳಿ, ಚಿತ್ರದ ಜೆರಾಕ್ಸನ್ನು ಕೈಗಿಟ್ಟಳು. ತಾತ ಬಹಳ ಹೊತ್ತು ನೋಡಿದರು. ಆಮೇಲೆ, “ಕೋಟು ಹಾಕ್ಕೊಂಡು ಬಾ,” ಎಂದರು.

ಚಿತ್ರದಲ್ಲಿದ್ದ ಅದೇ ತೋಟದ ಸೇಬಿನ ಮರಗಳ ಆಚೆ, ಹುಲ್ಲಿನ ನಡುವೆ ಹಳೆಯ ಪಾಯದ ಕಲ್ಲುಗಳಿದ್ದವು.

“ನೋಡು, ಮನೆ ಇತ್ತು. ಅವನು ಚಿತ್ರ ಬಿಡಿಸೋ ಹೊತ್ತಿಗೆ ಇರ್ಲಿಲ್ಲ ಅಷ್ಟೆ. ದಕ್ಷಿಣದ ಸೈನ್ಯ ಬರ್ತಿದೆ ಅಂತ ಕೇಳಿ ಹೆಸ್ಟರಜ್ಜಿ ಮಕ್ಕಳನ್ನ ಎಳ್ಕೊಂಡು ಓಡಿದ್ಲು. ನಮ್ಮಂಥ ಕಪ್ಪು ಜನ ಸಿಕ್ಕಿದ್ರೆ ಅವರು ಹಿಡ್ದು ಗುಲಾಮರಾಗಿ ಮಾರೋರು. ವಾಪಸ್ ಬಂದಾಗ ಒಂದು ಹಲಗೇನೂ ಉಳಿದಿರ್ಲಿಲ್ಲ. ಸೈನಿಕರು ಕಿತ್ತು ಒಲೆಗೆ ಹಾಕಿದ್ರು.”

“ಮತ್ತೆ ಚಿತ್ರದಲ್ಲಿರೋ ಈ ಪಾತಿಗಳು?”

ತಾತ ಚಿತ್ರದ ದಿಬ್ಬಗಳ ಮೇಲೆ ಬೆರಳಿಟ್ಟರು. “ಪಾತಿ ಅಲ್ಲ ಪುಟ್ಟಿ. ಯುದ್ಧದಲ್ಲಿ ಸತ್ತವರನ್ನ ಹೂತಿದ್ದು. ಅಜ್ಜಿ ಹಿತ್ತಲಲ್ಲೇ.”

ಲವಿನಿಯಾ ನಿಂತಲ್ಲಿಂದ ಮೆಲ್ಲಗೆ ಹಿಂದೆ ಸರಿದಳು.

“ನಮ್ಮನ್ನ ಹಿಡಿಯೋಕೆ ಬಂದೋರೂ ಇದ್ರಾ, ತಾತ?”

“ಇದ್ರು. ಎರಡೂ ಕಡೆಯವರು ಇದ್ರು.”

“ಅಜ್ಜಿ ಏನ್ ಮಾಡಿದ್ಲು?”

“ಅವರನ್ನೆಲ್ಲ ತೆಗೆದು ಸ್ಮಶಾನಕ್ಕೆ ಸಾಗಿಸೋವರ್ಗೂ ಈ ನೆಲಕ್ಕೆ ಗುದ್ದಲಿ ಮುಟ್ಟಿಸ್ಲಿಲ್ಲ. ಚಳಿಯಲ್ಲಿ ಮಕ್ಕಳ ಜೊತೆ ಯಾರದೋ ಕೊಟ್ಟಿಗೆಯಲ್ಲಿ ಮಲಗ್ತಿದ್ಲು. ಆಮೇಲೆ ಇಲ್ಲೇ ಮತ್ತೆ ಮನೆ ಕಟ್ಟಿದ್ಲು.”

ತಾತ ಟೊಪ್ಪಿ ತೆಗೆದು ನಿಂತಿದ್ದರು. ಲವಿನಿಯಾಳೂ ತನ್ನ ಉಣ್ಣೆಯ ಟೊಪ್ಪಿ ತೆಗೆದಳು. ಗಾಳಿ ತಣ್ಣಗೆ ಕಿವಿಗೆ ತಾಕಿತು.

ಮರುದಿನ ಕ್ಲಾಸಿನಲ್ಲಿ ಅವಳು ರಬ್ಬರ್ ತಗೊಂಡು ಎಲೆಕೋಸುಗಳನ್ನು ಒಂದೊಂದಾಗಿ ಅಳಿಸಿದಳು. ಮನೆಯನ್ನೂ ಅಳಿಸಿದಳು.

“ನೋಡಿದ್ಯಾ, ಒಪ್ಕೊಂಡ್ಯಲ್ಲ! ಮನೆ ಇರ್ಲಿಲ್ಲ!” ಎಂದ ವೇಡ್.

“ಈ ಚಿತ್ರದಲ್ಲಿ ಅಜ್ಜಿ ಇನ್ನೂ ವಾಪಸ್ ಬಂದಿಲ್ಲ,” ಎಂದಳು ಲವಿನಿಯಾ.

ವೇಡ್‌ಗೆ ಏನೂ ಅರ್ಥವಾಗಲಿಲ್ಲ. ಅವಳು ಆ ದಿಬ್ಬಗಳನ್ನು ಮತ್ತೆ ಬಿಡಿಸತೊಡಗಿದಳು, ಪೆನ್ಸಿಲನ್ನು ಸ್ವಲ್ಪವೂ ಒತ್ತದೆ.